ಒಡ್ಡಿನ ಬೆನ್ನು ನೋಡಿದ ಕಾಕಿ

ಕಾಕಿ ನೀರಿಗೆ ಹಾರುವುದನ್ನು ನೀವೊಮ್ಮೆ ನೋಡಬೇಕಿತ್ತು! ಅರವತ್ತು ದಾಟಿದ ಹೆಣ್ಣುಮಗಳು. ಇಳಕಲ್ ಸೀರೆಯ ಕಚ್ಚೆ ಬಿಗಿದು, ಸೆರಗನ್ನು ಸೊಂಟಕ್ಕೆ ಸುತ್ತಿ, ಕಿವಿಯ ಬೆಂಡೋಲೆ ಬಿಚ್ಚಿ ನನ್ನ ಅಂಗೈಯಲ್ಲಿಟ್ಟು, "ಜ್ವಾಕಿ, ನಾ ಮುಳುಗಿದ್ರ ನಡೀತದ, ಇವು ಕಳೀಬಾರದು" ಎಂದು ನಕ್ಕು, ಪರ್ಸಿಕಲ್ಲಿನ ಚಪ್ಪಡಿ ಮೆಟ್ಟಿಲ ತುದಿಯಿಂದ ಧುಡುಂ ಎಂದು ಹಾರಿಬಿಡುವರು. ಸ್ವಲ್ಪ ಹೊತ್ತು ನೀರಿನ ಮೇಲೆ ಏನೂ ಇಲ್ಲ. ಆಮೇಲೆ ಎಲ್ಲೋ ನಡುಮಧ್ಯದಲ್ಲಿ ಹಸಿರು ಬಳೆಯ ಒಂದು ಕೈ ಏಳುವುದು, ಅದರ ಹಿಂದೆ ಅವರ ನಗು.

"ಬರ್ರೆವಾ! ದಂಡಿಗೆ ನಿಂತು ಏನು ನೋಡ್ಲಿಕತ್ತೀರಿ? ನೀರು ಕಚ್ಚತದೇನು?"

ನಾನು ಶಹಾಬಾದಿನ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್‌ಗಳು ನಮಗೆ ಮೊಣಕಾಲು ಮುಚ್ಚಿ ಕೂರುವುದನ್ನು, ಮೆಲ್ಲಗೆ ಮಾತಾಡುವುದನ್ನು, ಕರವಸ್ತ್ರ ನಾಲ್ಕು ಮಡಿಕೆ ಮಾಡುವುದನ್ನು ಕಲಿಸಿದ್ದರು. ಈಜು ಕಲಿಸಿರಲಿಲ್ಲ. ಮದುವೆಯಾಗಿ ಸೇಡಮ್ಮಿಗೆ ಬಂದಾಗ ಎದುರು ಮನೆಯಲ್ಲಿ ಕಾಕಿ ಇದ್ದರು. ಸಂಬಂಧದಲ್ಲಿ ನನಗೇನೂ ಆಗಬೇಕಿಲ್ಲ. ಆದರೆ ಓಣಿಗೆಲ್ಲ ಕಾಕಿ ಆಗಿದ್ದವರನ್ನು ನಾನೊಬ್ಬಳು ಬೇರೆ ಏನೆಂದು ಕರೆಯಲಿ? ಬಂದ ಹೊಸದರಲ್ಲೇ ನನ್ನ ಗಲ್ಲ ಹಿಡಿದು ಹೇಳಿದ್ದರು: "ನೀ ಕಾನ್ವೆಂಟಿನಾಕಿ. ನಿನ್ನ ಕಣ್ಣಿಗೆ ಎಲ್ಲಾ ಕಾಣ್ತದ, ಖರೇ ಬಾಯಿ ಮಾತ್ರ ಬಿಡೂದಿಲ್ಲ."

ಅವರ ತವರು ಚಿತ್ತಾಪುರ ಕಡೆಯ ದಂಡೋತಿ. ಕಾಗಿಣಾ ಹೊಳೆಯಲ್ಲಿ ಅಣ್ಣಂದಿರ ಜೊತೆ ಪೈಪೋಟಿಗೆ ಬಿದ್ದು ಈಜಿ ಬೆಳೆದವರು. ಅಂಥವರು ಸೇಡಮ್ಮಿನ ಓಣಿಗೆ ಬಂದು ಬಚ್ಚಲ ಹಂಡೆಯ ನೀರಿಗೆ ತೃಪ್ತಿಪಡಬೇಕಾಯಿತು. ಕಾಕಾ ಪರ್ಸಿಕಲ್ಲಿನ ವ್ಯಾಪಾರದವರು, ಮಾತು ಕಮ್ಮಿ. ಹೆಂಡತಿಯ ಮುಖ ನೋಡಿ ನೋಡಿ, ಒಂದು ಬೇಸಿಗೆಯಲ್ಲಿ ಕುರಕುಂಟಾದ ಆಚೆ, ಚಿಂಚೋಳಿಯ ಗುಡ್ಡಗಳತ್ತ ಮುಖ ಮಾಡಿದ ತಮ್ಮ ಹೊಲದ ಮಗ್ಗುಲಿಗೆ ಹರಿಯುವ ಒಂದು ನಾಲಾಕ್ಕೆ ಅಡ್ಡವಾಗಿ ಮಣ್ಣಿನ ಒಡ್ಡು ಹಾಕಿಸಿ, ಕೆರೆಯಷ್ಟು ನೀರು ನಿಲ್ಲಿಸಿಬಿಟ್ಟರಂತೆ. ಬೆಳೆಗಲ್ಲ, ದನಕ್ಕಲ್ಲ. ಹೆಂಡತಿ ಈಜಲಿ ಅಂತ! ಊರವರು ನಕ್ಕರು. ಕಾಕಾ ನಗಲಿಲ್ಲ, ಒಂದು ನಾವೆಯನ್ನೂ ತರಿಸಿದರು. ಅದಕ್ಕೆ ನೀಲಿ ಬಣ್ಣ ಬಳಿದು, ಕೂರಲು ಹಲಗೆ ಹೊಡೆಸಿದರು.

ಒಡ್ಡಿನ ಮೇಲೆ ನಡೆಯುವಾಗ ಕಾಕಿ ಚಪ್ಪಲಿ ಬಿಡುತ್ತಿದ್ದರು. ಕಾಲಿನಿಂದ ನೆಲ ತಟ್ಟಿ ಹೇಳುವರು: "ಮ್ಯಾಲ ಕೆಂಪು ಗರಸು ಮಣ್ಣು ಕಾಣ್ತದಲ್ಲ, ಅದು ಬರೇ ಅಂಗಿ. ಇದರ ಹೊಟ್ಟ್ಯಾಗ ನಮ್ಮ ಹೊಲದ ಕರಿ ಎರಿ ಮಣ್ಣು ಅದ. ನೀರು ಸೋರಬಾರದಂತ ನಡೂಕ ಗ್ವಾಡಿ ಹಂಗ ತುಂಬಿಸ್ಯಾರ. ಎತ್ತು ತುಳದಾವ, ಆಳು ತುಳದಾರ, ನಾನೂ ತುಳದೀನಿ. ಮನೀ ಮಂದಿ ಅಲ್ಲೇ ನಿಂತು ನೋಡ್ಲಿಕತ್ತಿದ್ರು, ನಾ ಬಿಡಲಿಲ್ಲ."

ಕಾಕಾ ತೀರಿಹೋದ ಮೇಲೂ ಕಾಕಿ ಒಡ್ಡು ಬಿಡಲಿಲ್ಲ. ನಮ್ಮ ಓಣಿಯ ಹೆಂಗಸರನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಹೋಗುವರು. ಟ್ರ್ಯಾಕ್ಟರ್ ಟೈರಿನ ಕರಿ ಟ್ಯೂಬು ಸೊಂಟಕ್ಕೆ ಕಟ್ಟಿ ನಮ್ಮನ್ನು ನೀರಿಗೆ ತಳ್ಳುವರು. ನಾನು ಸಲ್ವಾರಿನ ಮೇಲೆ ಸೀರೆ ಉಟ್ಟು, ಸೀರೆಯ ಮೇಲೆ ದುಪಟ್ಟಾ ಹೊದ್ದು ಇಳಿದಾಗ ಅವರು ನಕ್ಕು ನಕ್ಕು ನಾವೆಯಿಂದಲೇ ಬಿದ್ದರು. "ಯವ್ವಾ, ನೀರಾಗ ಇಳೀಲಿಕತ್ತಿಯೋ, ಚಳಿಗಾಲಕ್ಕ ಕಾಶ್ಮೀರಕ್ಕ ಹೊಂಟೀಯೋ?" ಕೊನೆಗೆ ನಾನೂ ಈಜಿದೆ! ಕಿವಿಯೊಳಗೆ ನೀರಿನ ಗುಂಯ್ ಶಬ್ದ, ಕಣ್ಣೆದುರು ಬರೀ ಆಕಾಶ. ಅವತ್ತು ಮನೆಗೆ ಬಂದು ಅಡುಗೆ ಮಾಡುವಾಗಲೂ ನನ್ನ ಕೈಗಳು ಈಜಾಡುತ್ತಲೇ ಇದ್ದವು.

ಅವರು ದೇವತೆಯೇನೂ ಆಗಿರಲಿಲ್ಲ. ನೀರಿನ ವಿಷಯದಲ್ಲಿ ಭಾಳ ಜಿಗುಟು. ಒಡ್ಡಿನ ಕೆಳಗೆ ನಾಲಾದ ದಂಡೆಗುಂಟ ಒಂದಿಷ್ಟು ಹೊಲ, ನಾಲ್ಕಾರು ಮನೆ. ಆ ಮನೆಗಳ ಹಿರಿಯ ಶಿವಶರಣಪ್ಪ. ಜೋಳ ಹಾಲುಗಟ್ಟುವ ಹೊತ್ತಿಗೆ ಪ್ರತಿವರ್ಷ ಬಂದು ಕೈಕಟ್ಟಿ ನಿಲ್ಲುತ್ತಿದ್ದ. "ಸಾವ್ಕಾರ್ತಿ, ಥೋಡೆ ಮೋಟಾರ್ ಹಚ್ಚತೀನ್ರಿ. ಒಂದೇ ನೀರು." ಕಾಕಿಯ ಉತ್ತರವೂ ಪ್ರತಿವರ್ಷ ಒಂದೇ. "ನೀ ಮೋಟಾರ್ ಹಚ್ಚು, ನನ್ನ ನಾವಿ ಕೆಸರಾಗ ಕುಂದ್ರಲಿ. ಹೋಗ್ ಹೋಗ್, ಚಾ ಕುಡದು ಹೋಗ್." ಚಹಾ ಸಿಗುತ್ತಿತ್ತು, ನೀರು ಸಿಗುತ್ತಿರಲಿಲ್ಲ.

ಅಷ್ಟೇ ಆಗಿದ್ದರೆ ನಡೆದುಹೋಗುತ್ತಿತ್ತು. ಒಂದು ವರ್ಷ ಮಳೆ ಜೋರು ಬಂತು. ಒಡ್ಡು ತುಂಬಿ ಹೆಚ್ಚಾದ ನೀರು ಹರಿದುಹೋಗಲು ಪಕ್ಕಕ್ಕೊಂದು ಕೋಡಿ ಬಿಟ್ಟಿದ್ದರು. ಕಾಕಿಗೆ ಅದು ಸುಮ್ಮನೆ ಹರಿದುಹೋಗುವುದು ಸಂಕಟ. ಮನೆಯ ಹಿತ್ತಲಲ್ಲಿ ಕಾಕಾ ಬಿಟ್ಟುಹೋದ ಪರ್ಸಿ ಚಪ್ಪಡಿಗಳಿದ್ದವು. ಅವನ್ನು ಗಾಡಿಯಲ್ಲಿ ಒಯ್ದು ಕೋಡಿಯ ಬಾಯಿಗೆ ಅಡ್ಡ ನಿಲ್ಲಿಸಿ, ಸಂದಿಗೆ ಸಿಮೆಂಟು ಮೆತ್ತಿಸಿಬಿಟ್ಟರು. ನೀರು ಮೆಟ್ಟಿಲ ಮೇಲಿನ ಸಾಲಿನವರೆಗೆ ಏರಿತು. "ನೋಡು, ಹ್ಯಾಂಗ ತುಳಕ್ಯಾಡ್ಲಿಕತ್ತದ! ಕಾಗಿಣಾ ಆದಂಗಾತು!" ನಮಗೂ ಖುಷಿಯೇ. ಶಹಾಬಾದಿ ಪರ್ಸಿ ನಮ್ಮ ಕಡೆ ನೆಲಕ್ಕೆ, ಗೋಡೆಗೆ, ಕಟ್ಟೆಗೆ, ಮೋರಿಗೆ, ಎಲ್ಲದಕ್ಕೂ ಆಗುತ್ತದೆ. ಕೋಡಿಗೆ ಯಾಕೆ ಆಗಬಾರದು ಅಂತ ಯಾರಿಗೂ ಅನ್ನಿಸಲಿಲ್ಲ.

ಆ ವರ್ಷದ ಎಳ್ಳಮಾಸಿ. ಹೊಲದಲ್ಲಿ ಉಣ್ಣುವ ಹಬ್ಬ. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಎಣ್ಣೆಗಾಯಿ, ಶೇಂಗಾದ ಹೋಳಿಗೆ ಎಲ್ಲ ಕಟ್ಟಿಕೊಂಡು ಇಡೀ ಓಣಿ ಒಡ್ಡಿಗೆ ಹೊರಟೆವು. ಉಣ್ಣುವ ಮುಂಚೆ ಚರಗ ಚೆಲ್ಲಬೇಕು. ಮಾಡಿದ ಅಡುಗೆಯನ್ನೆಲ್ಲ ಕಲಸಿ ಬುಟ್ಟಿಯಲ್ಲಿ ಹಾಕಿಕೊಂಡು, ಹೊಲದ ಸುತ್ತ ಕೂಗುತ್ತ ಭೂಮಿತಾಯಿಗೆ ಎರಚುತ್ತ ಬರುವುದು. ಕಾಕಿ ಹೊಲದ ಜೊತೆ ಒಡ್ಡಿಗೂ ಚರಗ ಚೆಲ್ಲುತ್ತಿದ್ದರು. ಆದರೆ ಮೇಲಷ್ಟೇ ನಡೆದು ಬರುವರು. ಅವತ್ತು ಏನನ್ನಿಸಿತೋ, "ನಡೀ, ಈ ಸಲ ಕೆಳಗೂ ಸುತ್ತಿ ಬರಮು, ಅದಕ್ಕೂ ಹಸಿವಿರ್ತದ" ಎಂದು ನನ್ನ ಕೈ ಹಿಡಿದು ಒಡ್ಡಿನ ಹಿಂದಕ್ಕೆ ಇಳಿದರು.

ಅಲ್ಲಿ ಯಾರೂ ಹೋಗುವುದಿಲ್ಲ. ಜಾಲಿ ಮುಳ್ಳು, ಒಣಹುಲ್ಲು. ಹೋಗುತ್ತ ಹೋಗುತ್ತ ಒಡ್ಡಿನ ಬುಡದಲ್ಲಿ ಒಂದು ಕಡೆ ಹುಲ್ಲು ಹಸಿರಾಗಿತ್ತು. ಅದರ ನಡುವೆ ಬುಗುಬುಗು ಎಂದು ನೀರು ಏಳುತ್ತಿತ್ತು, ಅಂಗೈಯಷ್ಟು ಅಗಲ.

ಕಾಕಿ ಬುಟ್ಟಿ ಕೆಳಗಿಟ್ಟರು. ಕಣ್ಣು ತುಂಬಿಬಂತು. "ಗಂಗವ್ವ ಬಂದಾಳ ನೋಡು... ನಮ್ಮ ಯಜಮಾನ್ರು ಕಳಿಸ್ಯಾರ ಅಕಿನ್ನ." ಕೂಗಿ ಎಲ್ಲರನ್ನೂ ಕರೆದರು. ಅರಿಶಿನ ಕುಂಕುಮ ಬಂತು, ಕಾಯಿ ಒಡೆದರು, ಸುತ್ತ ಕಲ್ಲು ಜೋಡಿಸಿದರು. ಶಿವಶರಣಪ್ಪನ ಮನೆಯವರೂ ಬಂದು ಅಡ್ಡಬಿದ್ದರು. ಆ ಹಬ್ಬದ ಊಟಕ್ಕೆ ಜಮಖಾನೆ ಹಾಸಿದ್ದು ಕೂಡ ಅದರ ಪಕ್ಕದಲ್ಲೇ. ಎಂಥಾ ಸಂಭ್ರಮ! ಒಡ್ಡಿನ ನೆರಳಲ್ಲಿ, ಅಷ್ಟೂ ನೀರಿನ ಬುಡದಲ್ಲಿ ಕೂತು ನಾವು ಹೋಳಿಗೆ ತಿಂದೆವು.

ಹೊರಡುವಾಗ ಎಲ್ಲರೂ ತೀರ್ಥ ಅಂತ ಆ ನೀರು ಹಿಡಿದುಕೊಂಡರು. ನನ್ನ ಸ್ಟೀಲ್ ಡಬ್ಬಿಗಳಲ್ಲೆಲ್ಲ ಉಳಿದ ಪಲ್ಯ. ಖಾಲಿ ಇದ್ದದ್ದು ಉಪ್ಪಿನಕಾಯಿಯ ಗಾಜಿನ ಭರಣಿ ಒಂದೇ. ಅದನ್ನೇ ಚೆನ್ನಾಗಿ ತೊಳೆದು, ತುಂಬಿ ತಂದು, ದೇವರ ಜಗುಲಿಯ ಮೇಲಿಟ್ಟೆ.

ಮರುದಿನ ಬೆಳಿಗ್ಗೆ ದೀಪ ಹಚ್ಚುವಾಗ ನೋಡಿದೆ. ಮೇಲಿನ ನೀರು ತಿಳಿಯಾಗಿತ್ತು. ಭರಣಿಯ ತಳದಲ್ಲಿ ಕಪ್ಪಗೆ, ನುಣ್ಣಗೆ, ಹುರಿದು ಬೀಸಿದ ಎಳ್ಳಿನ ಹಾಗೆ ಒಂದು ಪದರ ಕೂತಿತ್ತು. ಅಲುಗಿಸಿದೆ. ಹೊಗೆಯ ಹಾಗೆ ಎದ್ದು, ಮತ್ತೆ ಮೆಲ್ಲಗೆ ಇಳಿಯಿತು. ಉಪ್ಪಿನಕಾಯಿಯ ಮಸಾಲೆ ಉಳಿದಿತ್ತೇನೋ ಅಂದುಕೊಂಡೆ. ಇಲ್ಲ, ತೊಳೆದಿದ್ದು ನಾನೇ. ಒಡ್ಡಿನ ಬುಡದ ನೆಲ ಕೆಂಪು ಗರಸು. ಅಲ್ಲಿಂದ ಎದ್ದ ನೀರಿನಲ್ಲಿ ಕರಿ ಮಣ್ಣು ಯಾಕೆ?

ಎದುರು ಮನೆಗೆ ಭರಣಿ ಹಿಡಿದುಕೊಂಡೇ ಹೋದೆ. ಕಾಕಿ ಹೂ ಕಟ್ಟುತ್ತ ಕೂತಿದ್ದರು.

"ಕಾಕಿ, ಗಂಗವ್ವನ ನೀರಾಗ ಮಣ್ಣು ಕುಂತದ ನೋಡ್ರಿ."

"ಹೊಸಾ ಸೆಲಿ, ಥೋಡೆ ಮಣ್ಣು ಬರ್ತದ."

"ಕರಿ ಮಣ್ಣು ಅದ್ರಿ, ಕಾಕಿ."

ಹೂವಿನ ದಾರ ಹಾಗೇ ನಿಂತಿತು. ಭರಣಿ ಇಸಿದುಕೊಂಡು ಬಾಗಿಲ ಬೆಳಕಿಗೆ ಹಿಡಿದರು. ನೀರು ಮೆಲ್ಲಗೆ ಬಗ್ಗಿಸಿ ಚೆಲ್ಲಿ, ತಳದ ಕೆಸರನ್ನು ಎರಡು ಬೆರಳಲ್ಲಿ ತೆಗೆದು ಉಜ್ಜಿದರು. ಎರೆ ಮಣ್ಣು ಬೆರಳಿಗೆ ಬೆಣ್ಣೆಯ ಹಾಗೆ ಅಂಟುತ್ತದೆ. ಅಂಟಿತು.

"ಇದು ನಮ್ಮ ಹೊಲದ್ದು," ಅಂದರು. ದನಿ ಸಣ್ಣದಾಗಿತ್ತು. "ನಾ ತುಳದ ಮಣ್ಣು ಇದು. ಒಡ್ಡಿನ ಹೊಟ್ಟ್ಯಾಗಿಂದ ಬರ್ಲಿಕತ್ತದ."

ಇನ್ನೊಬ್ಬರಾಗಿದ್ದರೆ ಅಳುತ್ತಿದ್ದರು, ಇಲ್ಲವೆ ನನ್ನನ್ನೇ ಬೈಯುತ್ತಿದ್ದರು. ಕಾಕಿ ಎದ್ದು ನಿಂತು ಆ ಕೆಸರು ಬೆರಳಿನಿಂದಲೇ ನನ್ನ ಗಲ್ಲ ಹಿಂಡಿದರು. "ಶಾಬಾಸ್ ಕಾನ್ವೆಂಟ್! ಬಾಯಿ ಬಿಟ್ಟೆಲ್ಲ! ನಡೀ ಜಲ್ದಿ!"

ಆಟೋದಲ್ಲಿ ಕೂತೇ ವಾಡಿಯಲ್ಲಿದ್ದ ತಮ್ಮ ಅಣ್ಣನ ಮಗನಿಗೆ ಫೋನು ಹಚ್ಚಿದರು. ನೀರಾವರಿ ಕೆಲಸದಲ್ಲಿ ಇಂಜಿನಿಯರ್ ಆಗಿ ನಿವೃತ್ತನಾದವನು. ಸ್ಪೀಕರ್ ಹಾಕಿ ಕೂಗಿ ಕೂಗಿ ಎಲ್ಲ ಹೇಳಿದರು. ಅವನು ಆ ಕಡೆಯಿಂದ ಅಷ್ಟೇ ಕೂಗಿದ.

"ಅತ್ತಿ, ತಿಳಿ ನೀರು ಸೋರಿದ್ರ ನೋಡಿಕೋತ ಇರಬಹುದು. ಮಣ್ಣು ತಗೊಂಡು ಬಂದ್ರ ಒಡ್ಡು ಒಳಗಿಂದ ಟೊಳ್ಳು ಆಗ್ಲಿಕತ್ತದ ಅಂತ ತಿಳೀರಿ! ಕೆಳಗಿನ ಮಂದಿಗಿ ಮೊದ್ಲ ಮ್ಯಾಲ ಕಳಸ್ರಿ. ತೂತು ಮುಚ್ಚಬ್ಯಾಡ್ರಿ, ಸಿಮೆಂಟು ಗಿಮೆಂಟು ಹಾಕಬ್ಯಾಡ್ರಿ. ಇಲ್ಲಿ ಮುಚ್ಚಿದ್ರ ಮತ್ತೊಂದು ಜಾಗಾದಾಗ ಒಡೀತದ. ಉಸುಕು ಹಾಕ್ರಿ, ಅದರ ಮ್ಯಾಲ ಸಣ್ಣ ಜಲ್ಲಿ ಕಡಿ, ಅದರ ಮ್ಯಾಲ ದಪ್ಪ ಕಡಿ. ನೀರು ಹೋಗಲಿ, ಮಣ್ಣು ನಿಲ್ಲಲಿ. ಮತ್ತ ಒಡ್ಡಿನ ನೀರು ಇಳಸ್ರಿ. ಖರೇ ಸಾವಕಾಶ ಇಳಸ್ರಿ, ಗಡಬಡಿ ಮಾಡಿದ್ರ ಒಳಗಿನ ದಂಡಿ ಕುಸೀತದ. ನಾ ಹೊಂಟೆ, ಬಂದೆ!"

ನಾವು ಹೋದಾಗ ಗಂಗವ್ವನಿಗೆ ಆಗಲೇ ಕೆಂಪು ಬಟ್ಟೆಯ ಧ್ವಜ ಹಾರಿತ್ತು. ನಿನ್ನೆ ಅಂಗೈಯಷ್ಟಿದ್ದದ್ದು ಇವತ್ತು ಊಟದ ತಟ್ಟೆಯಷ್ಟಾಗಿತ್ತು. ಮಂದಿ ಕೊಡ ಹಿಡಿದು ನಿಂತಿದ್ದರು. ಕಾಕಿ ಸೀರೆ ಎತ್ತಿ ಕಟ್ಟಿ ನಡುವೆ ಹೋಗಿ ನಿಂತರು.

"ಎಲ್ಲಾರೂ ಮ್ಯಾಲ ಏರ್ರಿ! ಕೂಸು ಕುನ್ನಿ, ಎಮ್ಮಿ ಆಕಳಾ, ಒಂದೂ ಕೆಳಗ ಇರಬಾರದು! ಗುಡ್ಡದ ಸಾಲಿ ಖುಲ್ಲಾ ಅದ, ಅಲ್ಲಿ ಕುಂದ್ರಿ. ಅಡಗಿ ನನ್ನದು!"

ಶಿವಶರಣಪ್ಪ ಕಕ್ಕಾಬಿಕ್ಕಿ. "ನಿನ್ನೆ ನೀವೇ ಕಾಯಿ ಒಡದೀರಿ, ಸಾವ್ಕಾರ್ತಿ. ಇವತ್ತು ಗಂಗವ್ವನ್ನ ಬಿಟ್ಟು ಓಡು ಅಂತೀರಿ."

"ನಿನ್ನೆ ನನಗ ತಿಳಿದಿಲ್ಲ, ಒಡದೆ. ಇವತ್ತು ತಿಳಿದದ. ಅಕಿ ಗಂಗವ್ವ ಅಲ್ಲೋ, ನನ್ನ ಒಡ್ಡಿನ ಕರುಳು ಹೊರಗ ಬರ್ಲಿಕತ್ತದ! ನಡೀ, ನಿನ್ನ ಮೋಟಾರ್ ಎಲ್ಲಿ ಅದ?"

"ಮೋಟಾರ್?"

"ಹ್ಞೂಂ, ಮೋಟಾರ್. ಪೈಪು ಎಷ್ಟವ ಅಷ್ಟೂ ತಾ. ಎಲ್ಲಾರಿಗೂ ಹೇಳು. ಇವತ್ತಿಂದ ಎಷ್ಟು ನೀರು ಬೇಕಂತೀರಿ, ಅಷ್ಟು ಹೊಡ್ಕೋರಿ!"

ಶಿವಶರಣಪ್ಪನ ಮುಖ ಅವತ್ತು ನೋಡಬೇಕಿತ್ತು. ನಗಬೇಕೋ, ಹೆದರಬೇಕೋ ಗೊತ್ತಾಗದೆ ಎರಡೂ ಮಾಡಿದ. ಮೊದಲು ಮನೆಯವರನ್ನೆಲ್ಲ ಗುಡ್ಡದ ಶಾಲೆಗೆ ಹತ್ತಿಸಿ ಬಂದ. ಆಮೇಲೆ ಶುರುವಾಯಿತು ನೋಡಿ! ಅಕ್ಕಪಕ್ಕದ ಹೊಲದವರೆಲ್ಲ ಬಂದರು. ಕರಿ ಪೈಪುಗಳ ಸುರುಳಿ ತಲೆಯ ಮೇಲೆ ಹೊತ್ತು ಬಂದರು, ಗಾಡಿಯಲ್ಲಿ ಎಳೆದು ತಂದರು. ಡೀಸೆಲ್ ಇಂಜಿನ್ನುಗಳು ಒಡ್ಡಿನ ಮೇಲಿನ ದಂಡೆಗೆ ಸಾಲಾಗಿ ಕೂತವು. ಒಂದು ಕೆಮ್ಮಿತು, ಒಂದು ಸೀನಿತು, ಒಂದು ಢಗಢಗ ಎಂದು ಹೊಡೆದುಕೊಂಡಿತು. ಇಂಜಿನ್ ಇಲ್ಲದವರು ಪೈಪಿನ ತುಂಬ ನೀರು ತುಂಬಿ, ಎರಡೂ ಬಾಯಿ ಕೈಯಿಂದ ಒತ್ತಿ ಹಿಡಿದು, ಒಡ್ಡು ದಾಟಿಸಿ ಕೆಳಗೆ ಬಿಟ್ಟರು. ಬಿಟ್ಟೊಡನೆ ನೀರು ತಾನಾಗಿ ಏರಿ ಇಳಿದು ಓಡತೊಡಗಿತು. ಇಂಜಿನ್ನಿನ ಹೊಗೆಯಲ್ಲಿ, ಕೂಗಾಟದಲ್ಲಿ, ಅಲ್ಲೊಂದು ಜಾತ್ರೆಯೇ!

ಕೋಡಿಯ ಪರ್ಸಿಗಳನ್ನು ಮಾತ್ರ ಕಾಕಿ ಯಾರಿಗೂ ಮುಟ್ಟಗೊಡಲಿಲ್ಲ. "ನಿಲ್ಲಿಸಿದಾಕಿ ನಾ. ತೆಗಿಯಾಕಿನೂ ನಾನೇ." ಹಾರೆ ಹಿಡಿದು ಸಂದಿಯ ಸಿಮೆಂಟು ಮೀಟಿದರು. ಮೊದಲ ಪರ್ಸಿ ಬಿದ್ದಾಗ ನೀರು ಹಾ! ಎಂದು ಉಸಿರು ಬಿಟ್ಟ ಹಾಗೆ ಹೊರಟಿತು. ಎರಡನೆಯದಕ್ಕೆ ವಾಡಿಯಿಂದ ಬಂದಿಳಿದ ಅಣ್ಣನ ಮಗ, "ಅತ್ತಿ, ಸಾವಕಾಶ!" ಎಂದು ಅವರ ಕೈಯ ಹಾರೆ ಹಿಡಿದ. ಅವರು ಹಾರೆ ಬಿಟ್ಟು ಕೋಡಿಯ ಪಕ್ಕದಲ್ಲಿ ಕೂತರು. ನಾನು ಅವರ ಹತ್ತಿರ ಹೋಗಿ ಕೂತೆ. ನೀಲಿ ನಾವೆ ನೀರಿನ ಜೊತೆ ಮೆಲ್ಲಗೆ ತಿರುಗುತ್ತಿತ್ತು. ಅವರು ಅದನ್ನು ನೋಡಲಿಲ್ಲ. ಕೆಳಗೆ ಜೋಳದ ಸಾಲಿನಲ್ಲಿ ನೀರು ಹೊಳೆಯುತ್ತ ಹೋಗುವುದನ್ನು ನೋಡುತ್ತಿದ್ದರು.

"ಶಿವಶರಣಪ್ಪ ಎಷ್ಟು ವರ್ಷ ಕೇಳ್ಯಾನ," ಅಂದರು. "ಮೊದಲೇ ಕೊಟ್ಟಿದ್ರ ಇಷ್ಟು ಏರ್ತಿದ್ದಿಲ್ಲ."

ಮರುಕ್ಷಣವೇ ಎದ್ದು, "ಯಾರಲೇ ಅಂವ, ಉಸುಕಿನ ಚೀಲ ಅಲ್ಲಿ ಯಾಕ ಚೆಲ್ಲಿದಿ!" ಎಂದು ಕೂಗುತ್ತ ಓಡಿದರು.

ಉಸುಕು ಹಾಕಿ, ಕಡಿ ಹಾಕಿದ ಮೇಲೆ ಬುಗ್ಗೆಯ ನೀರು ಸಂಜೆಯ ಹೊತ್ತಿಗೆ ತಿಳಿಯಾಗಿ ಬರತೊಡಗಿತು. ನಾನು ಅದೇ ಉಪ್ಪಿನಕಾಯಿ ಭರಣಿಯಲ್ಲಿ ಮತ್ತೆ ಮತ್ತೆ ಹಿಡಿದು ಬೆಳಕಿಗೆ ಎತ್ತಿ ತೋರಿಸುತ್ತಿದ್ದೆ, ಕೆಲಸದ ಮಂದಿ ಒಂದೊಂದು ಸಲಕ್ಕೂ ಹೋ ಎಂದು ಕೂಗುತ್ತಿದ್ದರು. ಕೆಲವು ದಿನಗಳಲ್ಲಿ ನೀರು ಅಪಾಯದ ಮಟ್ಟದಿಂದ ಇಳಿಯಿತು, ಕೆಳಗಿನವರು ಮನೆಗೆ ಮರಳಿದರು. ಆ ವರ್ಷ ಜೋಳದ ತೆನೆ ಕೈಯಲ್ಲಿ ಹಿಡಿಯಲಾಗದಷ್ಟು ದಪ್ಪ. ಶಿವಶರಣಪ್ಪ ಕಾಕಿಯ ಮನೆಗೆ ಸೀತನಿಯ ಎಳೆ ತೆನೆ ಹೊತ್ತು ತಂದು ಅಂಗಳದಲ್ಲೇ ಸುಟ್ಟುಕೊಟ್ಟ.

ಬೇಸಿಗೆಯಲ್ಲಿ ಒಡ್ಡನ್ನು ಆ ಜಾಗದಲ್ಲಿ ಅಗೆದು ನೋಡಿದರು. ಕಾಕಿ ನೆರಳಿಗೆಂದು ಒಡ್ಡಿನ ಮೇಲೆ ಬೆಳೆಸಿದ್ದ ಬೇವಿನ ಬೇರು ಎರೆ ಮಣ್ಣಿನೊಳಗೆ ಇಳಿದಿತ್ತು. ಅದರ ಗುಂಟ ಹೆಗ್ಗಣಗಳ ಬಿಲ. ಏರಿದ ನೀರಿಗೆ ಆ ಬಿಲದ ಬಾಯಿ ಸಿಕ್ಕಿಬಿಟ್ಟಿತ್ತು. ಮರ ಹೋಯಿತು. ಬಿಲ ಅಗೆದು ಹೊಸ ಎರೆ ಮಣ್ಣು ತುಂಬಿ ತುಳಿದರು. ಕಾಕಿ ಮೊಣಕಾಲು ನೋವಿನಲ್ಲೂ ಇಳಿದರು, ನನ್ನನ್ನೂ ಇಳಿಸಿದರು. ತುಕ್ಕು ಹಿಡಿದು ತಿರುಗದೆ ಹೋಗಿದ್ದ, ನೀರು ಬಿಡುವ ತೂಬಿನ ಚಕ್ರ ಬದಲಾಯಿತು. ಬುಡದಲ್ಲಿ ಜಿನುಗುವ ನೀರು ಹೊರಬರಲು ಕಡಿಯೊಳಗೆ ಒಂದು ಪೈಪು ಇಟ್ಟರು. ಕೋಡಿ ಮೊದಲಿಗಿಂತ ಅಗಲವಾಯಿತು. ತೆಗೆದ ಪರ್ಸಿಗಳಿಂದ ಕಾಕಿ ಒಡ್ಡಿನ ಹಿಂದಕ್ಕೆ ಇಳಿಯಲು ಮೆಟ್ಟಿಲು ಮಾಡಿಸಿದರು. ನೀರಿಗೆ ಇಳಿಯುವ ಮೆಟ್ಟಿಲಿಗಿಂತ ಅವೇ ಚಂದ ಆದವು.

ಆಮೇಲೆ ಬಂತು ಅವರ ಹೊಸ ಕಾಯಿದೆ. ಒಡ್ಡಿಗೆ ಯಾರೇ ಬರಲಿ, ಎಷ್ಟೇ ಸೆಕೆಯಿರಲಿ, ಒಬ್ಬರು ಹಿಂದೆ ಹೋಗಿ ನೋಡಿ ಬರುವವರೆಗೆ ನೀರಿಗೆ ಕಾಲಿಡುವ ಹಾಗಿಲ್ಲ. ಹೋದವರು ಮೇಲೆ ಬಂದು, "ಹಿಂದ ನೋಡೀನಿ, ಇಳೀರಿ!" ಎಂದು ಕೂಗಬೇಕು. ತಹಶೀಲ್ದಾರರ ಮನೆಯವರು ಒಮ್ಮೆ ವಿಹಾರಕ್ಕೆ ಬಂದು ಸೀದಾ ನಾವೆ ಹತ್ತಲು ಹೋದಾಗ ಕಾಕಿ ಹುಟ್ಟು ಅಡ್ಡ ಹಿಡಿದಿದ್ದರು. "ನಿಂದ್ರಿ ಅಕ್ಕೋರೇ. ಮುಂದಿಂದ ನೋಡಿದ್ರ ಎಲ್ಲಾ ನೀರು ಚಂದೇ ಇರ್ತದ."

ಹೋಗಿ ನೋಡಿ ಕೂಗುವ ಕೆಲಸ ಯಾವಾಗಲೂ ಅವರದೇ. ಮೊಣಕಾಲು ಬಗ್ಗದಾದಾಗ ನನ್ನನ್ನು ಕಳಿಸುತ್ತಿದ್ದರು. ನಾನು ನೋಡಿ ಬಂದು ಅವರ ಕಿವಿಯಲ್ಲಿ ಹೇಳುವೆ, ಅವರು ಕೂಗುವರು. "ನಿನ್ನ ದನಿ ಯಾವಾಗ ಹೊರಗ ಬರ್ತದೋ ಯವ್ವಾ" ಎಂದು ಕಾಡುವರು.

ಕಾಕಿ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಹಾಸಿಗೆ ಹಿಡಿಯಲಿಲ್ಲ, ಯಾರಿಗೂ ಕೈಯೊಡ್ಡಲಿಲ್ಲ. ಒಡ್ಡು ತುಂಬಿದೆ, ಕೋಡಿ ಸಲೀಸಾಗಿ ಹರಿಯುತ್ತಿದೆ ಅಂತ ಶಿವಶರಣಪ್ಪ ಫೋನು ಮಾಡಿದ್ದನ್ನು ಕೇಳಿಸಿಕೊಂಡೇ ಹೋದರು.

ಈ ಎಳ್ಳಮಾಸಿಗೆ ಓಣಿಯವರೆಲ್ಲ ಮತ್ತೆ ಹೊರಟೆವು. ಟೆಂಪೋ ನಿಂತದ್ದೇ ತಡ, ಮಕ್ಕಳು ಟ್ಯೂಬು ಹಿಡಿದು ನೀರಿನತ್ತ ಓಡಿದವು. ಓಡಿ, ಮೆಟ್ಟಿಲ ಮೇಲೆ ಗಕ್ಕನೆ ನಿಂತು ತಿರುಗಿ ನೋಡಿದವು. ಅವರ ಅಮ್ಮಂದಿರೂ ನಿಂತರು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

ನಾನು ಚರಗದ ಬುಟ್ಟಿ ಎತ್ತಿಕೊಂಡು ಪರ್ಸಿಯ ಮೆಟ್ಟಿಲಿಳಿದು ಒಡ್ಡಿನ ಹಿಂದಕ್ಕೆ ಹೋದೆ. ಬುಡದಗುಂಟ ಚೆಲ್ಲುತ್ತ ನಡೆದೆ. ಹುಲ್ಲು ಒಣಗಿ ಸಪ್ಪಳ ಮಾಡುತ್ತಿತ್ತು. ಕೆಂಪು ಗರಸಿನ ಬಿಸಿ ಚಪ್ಪಲಿಯೊಳಗೂ ತಟ್ಟುತ್ತಿತ್ತು. ಹೊಸ ಬಿಲವಿಲ್ಲ, ಹಸಿಯಿಲ್ಲ. ಪೈಪಿನ ಬಾಯಿಂದ ನೀರು ತೊಟ್ಟಿಕ್ಕುತ್ತಿತ್ತು. ಗಾಜಿನ ಭರಣಿ ಹಿಡಿದು, ತುಂಬುವ ತನಕ ಕೂತು, ನೆರಳಲ್ಲಿ ನೆಲದ ಮೇಲಿಟ್ಟು ಕಾದೆ. ಮೇಲಿಂದ ಮಕ್ಕಳು, "ಆತೇನ್ರೀ ಅತ್ತಿ?" ಎಂದು ಕೂಗುತ್ತಲೇ ಇದ್ದವು. ನಾನು ಗಡಬಡಿ ಮಾಡಲಿಲ್ಲ. ಬೇಕಾದಷ್ಟು ಹೊತ್ತು ಬಿಟ್ಟು ಎತ್ತಿ ಬಿಸಿಲಿಗೆ ಹಿಡಿದೆ. ಭರಣಿಯ ತಳದ ಮೂಲಕ ನನ್ನ ಬೆರಳಿನ ಗೆರೆಗಳು ಸ್ಪಷ್ಟವಾಗಿ ಕಂಡವು.

ಒಡ್ಡಿನ ಮೇಲೆ ಹತ್ತಿದೆ. ಚಪ್ಪಲಿ ಬಿಟ್ಟೆ. ಒಂದು ಕಡೆ ನೀಲಿ ನಾವೆ, ಇನ್ನೊಂದು ಕಡೆ ಶಿವಶರಣಪ್ಪನ ಜೋಳ. ಕಿವಿಯಲ್ಲಿ ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಎದೆ ತುಂಬ ಉಸಿರು ಎಳೆದುಕೊಂಡೆ.

"ಹಿಂದ ನೋಡೀನಿ! ಇಳೀರಿ!"

ಗುಡ್ಡ ಅದನ್ನು ಇನ್ನೊಮ್ಮೆ ಕೂಗಿತು. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಧುಡುಂ, ಧುಡುಂ, ಧುಡುಂ ಎಂದು ಮಕ್ಕಳು ನೀರಿಗೆ ಬಿದ್ದವು.